ಮನೆಯಂಗಳದಲ್ಲೇ ಕಾರಿನ ದುರಸ್ತಿ ಕಲಿಯಲು ಕರಾವಳಿಯವರು ಎಲ್ಲಿಂದ ಆರಂಭಿಸಬೇಕು?

ಕಟಪಾಡಿ_ಮಾಸ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಟಪಾಡಿಯ ಸಮೀಪದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪರಿಚಯದವರೊಬ್ಬರಿಂದ 2014ರ ಪೆಟ್ರೋಲ್ ವ್ಯಾಗನ್ ಆರ್ ಕಾರನ್ನು ಕೊಂಡಿದ್ದೇನೆ. ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಗೇರ್ ಸಲೀಸಾಗಿ ಬೀಳುತ್ತದೆ. ಆದರೆ ಕಳೆದ ಮಳೆಗಾಲದಲ್ಲಿ ಎಡಬದಿಯ ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಪದೇ ಪದೇ ಒದ್ದೆಯಾಗುತ್ತಿತ್ತು, ಬಾಗಿಲುಗಳ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು ಒಳಗಿನಿಂದ ತುಕ್ಕು ಕಾಣಿಸಿಕೊಂಡಿದೆ, ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಮಳೆ ಸುರಿಯುವಾಗ ಹೆಡ್‌ಲೈಟಿನ ಬೆಳಕು ಏನೇನೂ ಸಾಲದು ಎನಿಸುತ್ತದೆ.

ಪ್ರತಿ ಸಣ್ಣ ಕೆಲಸಕ್ಕೂ ಗ್ಯಾರೇಜಿಗೆ ಒಯ್ದು ಬಿಟ್ಟು, ಸಂಜೆ ಬಿಲ್ಲು ಕೊಟ್ಟು ಮರಳುವ ಬದಲು, ನನ್ನ ಕಾರಿನೊಳಗೆ ಏನು ನಡೆಯುತ್ತಿದೆ ಎಂಬುದನ್ನು ನಾನೇ ತಿಳಿದುಕೊಂಡು ಆದಷ್ಟನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಹಣದ ಉಳಿತಾಯಕ್ಕಿಂತಲೂ, ದಿನವೂ ಕುಳಿತು ಓಡಿಸುವ ಯಂತ್ರದ ಬಗ್ಗೆ ಏನೂ ತಿಳಿಯದೆ ಇರುವುದು ಮನಸ್ಸಿಗೆ ಒಪ್ಪುತ್ತಿಲ್ಲ. ಮನೆಯ ಮುಂದೆ ಅಂಗಳವಿದೆ, ಅದರ ಒಂದು ಬದಿಗೆ ತಗಡಿನ ಮಾಡು ಹಾಕಿದ ಶೆಡ್ಡಿದೆ. ನೆಲ ಮಾತ್ರ ಮಣ್ಣಿನದು. ಹಿಂದೆ ಬಾವಿ ಮತ್ತು ಮಲ್ಲಿಗೆ ಗಿಡಗಳಿವೆ.

ದುರಸ್ತಿಯ ಜೊತೆಗೆ ಎರಡು ಬದಲಾವಣೆಗಳನ್ನು ಮಾಡಿಸಬೇಕೆಂದಿದ್ದೇನೆ: ಹೆಚ್ಚು ಬೆಳಕಿನ ಎಲ್‌ಇಡಿ ಬಲ್ಬು ಮತ್ತು ಈಗಿರುವ 155/65 ಆರ್14 ಟೈರುಗಳ ಬದಲು ಸ್ವಲ್ಪ ದೊಡ್ಡ ಟೈರು. ಇವನ್ನು ಮಾಡಬಹುದೇ, ಕಾನೂನಿನ ತೊಡಕೇನಾದರೂ ಇದೆಯೇ, ಯಾವ ಕೆಲಸವನ್ನು ಮೊದಲು ಕಲಿಯಬೇಕು, ಯಾವುದಕ್ಕೆ ಕೈಹಾಕಲೇಬಾರದು ಎಂಬುದನ್ನು ಅನುಭವಸ್ಥರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕುಲಶೇಖರ_ಗ್ಯಾರೇಜು

ಮಾಸ್ಟ್ರೇ, ನಾನು ಮಂಗಳೂರಿನ ಕುಲಶೇಖರದಲ್ಲಿ ಬಹುಕಾಲದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಮಾಲೀಕರೇ ಕೆಲಸ ಕಲಿತರೆ ನಮ್ಮಂಥವರ ದುಡಿಮೆಗೆ ಪೆಟ್ಟು ಎಂದು ಕೆಲವರು ಭಾವಿಸುತ್ತಾರೆ. ನಾನು ಕಂಡಿರುವುದು ಬೇರೆ: ತನ್ನ ಕಾರಿನ ಅಡಿಭಾಗವನ್ನು ಒಮ್ಮೆಯಾದರೂ ಕಣ್ಣಾರೆ ನೋಡಿದವರು ತೊಂದರೆ ಸಣ್ಣದಿರುವಾಗಲೇ ಬರುತ್ತಾರೆ, ಏನಾಗಿದೆ ಎಂಬುದನ್ನು ಸರಿಯಾಗಿ ಹೇಳುತ್ತಾರೆ, ನಾವು ಮಾಡಿದ ಕೆಲಸದ ಬೆಲೆಯನ್ನೂ ಅರಿಯುತ್ತಾರೆ. ಆದ್ದರಿಂದ ನೀವು ಕಲಿಯಲೇಬೇಕು.

ನಮ್ಮ ಕರಾವಳಿಯಲ್ಲಿ ಕಾರಿನ ಆಯುಸ್ಸನ್ನು ತೀರ್ಮಾನಿಸುವುದು ನೀರು. ಉಡುಪಿಯಲ್ಲೂ ಮಂಗಳೂರಿನಲ್ಲೂ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುತ್ತಿರುತ್ತದೆ, ಇವೆರಡೂ ಸಾಲದೆಂಬಂತೆ ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಕಾರಿನ ಅಡಿಗೆ ಸಿಡಿಯುತ್ತದೆ. ಬೆಂಗಳೂರಿನ ಕಾರಿನಲ್ಲಿ ಹತ್ತು ವರ್ಷವಾದರೂ ಕಾಣದ ತುಕ್ಕು ಇಲ್ಲಿ ಅದರ ಅರ್ಧ ಕಾಲದಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಹೀಗಾಗಿ ನೀವು ಮೊದಲು ಕಲಿಯಬೇಕಾದ ಪಾಠ ಎಂಜಿನ್ನಿನದಲ್ಲ. ಕಾರಿನ ಮೇಲೆ ಬಿದ್ದ ನೀರು ಯಾವ ದಾರಿಯಿಂದ ಕೆಳಗಿಳಿಯಬೇಕು, ಆ ದಾರಿ ಕಟ್ಟಿಕೊಂಡರೆ ಎಲ್ಲಿಗೆ ನುಗ್ಗುತ್ತದೆ ಎಂಬುದರ ಪಾಠ.

ನಿಮ್ಮ ಎಡಬದಿಯ ಕಾರ್ಪೆಟ್ ಒದ್ದೆಯಾಗುವುದಕ್ಕೆ ಬಹುತೇಕ ಕಾರಣ ಇದೇ ಆಗಿರಬೇಕು. ಮುಂದಿನ ಗಾಜಿನ ಕೆಳಗೆ, ವೈಪರಿನ ಬುಡದಲ್ಲಿ, ಪ್ಲಾಸ್ಟಿಕ್ ಜಾಲರಿಯ ಅಡಿ ಒಂದು ತೊಟ್ಟಿಯಿರುತ್ತದೆ. ಗಾಜಿನ ಮೇಲಿನ ನೀರು ಅಲ್ಲಿ ಸೇರಿ ಎರಡು ಬದಿಯ ರಂಧ್ರಗಳಿಂದ ಹೊರಹೋಗಬೇಕು. ಮಾವು, ಹಲಸು, ಗಾಳಿ ಮರಗಳ ಕೆಳಗೆ ಕಾರು ನಿಲ್ಲಿಸುವ ನಮ್ಮಲ್ಲಿ ಎಲೆ, ಹೂವು, ಮಣ್ಣು ಸೇರಿ ಆ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಮೇಲೇರಿ, ಬ್ಲೋವರ್ ಗಾಳಿ ಎಳೆದುಕೊಳ್ಳುವ ಬಾಯಿಯಿಂದ ಒಳಗೆ ಇಳಿದು, ನೇರವಾಗಿ ಎಡ ಸೀಟಿನ ಕಾಲಬುಡಕ್ಕೆ ಬರುತ್ತದೆ. ವೈಪರ್ ತೋಳು ಮತ್ತು ಜಾಲರಿಯನ್ನು ಬಿಚ್ಚಿ, ಕಸ ತೆಗೆದು, ಒಂದು ಚೆಂಬು ನೀರು ಹೊಯ್ದು ಅದು ಚಕ್ರದ ಬದಿಯಿಂದ ಹೊರಬರುತ್ತದೆಯೇ ಎಂದು ನೋಡಿ. ಅದು ಸರಿಯಿದ್ದೂ ಒದ್ದೆಯಾದರೆ ಎ.ಸಿ.ಯ ನೀರು ಹೊರಹೋಗುವ ಸಣ್ಣ ರಬ್ಬರ್ ಕೊಳವೆಯನ್ನು, ಆಮೇಲೆ ಬಾಗಿಲಿನ ರಬ್ಬರನ್ನು ಪರೀಕ್ಷಿಸಿ.

ಬಾಗಿಲಿನ ಕೆಳ ಅಂಚಿನ ತುಕ್ಕೂ ಇದೇ ಜಾತಿಯದು. ಕಿಟಕಿಯ ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ, ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಉದ್ದನೆಯ ಸಣ್ಣ ಸೀಳುಗಳನ್ನು ಬಿಟ್ಟಿರುತ್ತಾರೆ. ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಅವನ್ನು ಬಿಡಿಸಬೇಕು, ಕಬ್ಬಿಣದ ತಂತಿ ಹಾಕಿ ಬಣ್ಣ ಕೆರೆಯಬಾರದು. ಗುಳ್ಳೆಯೆದ್ದ ಜಾಗವನ್ನು ಹೊಳಪು ಲೋಹ ಕಾಣುವವರೆಗೂ ಉಜ್ಜಿ, ಉಳಿದ ಕಲೆಗೆ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ದ್ರವ ಹಚ್ಚಿ, ಒಣಗಿದ ಮೇಲೆ ಸತುವಿನ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಯಲ್ಲಿ ಬಾಗಿಲಿನ ಒಳಭಾಗಕ್ಕೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಬೇಕು. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಳಿಸುವ ಪದ್ಧತಿ ನಮ್ಮೂರಿನಲ್ಲಿ ಬಹಳ ಇದೆ. ಅದು ತೇವವನ್ನು ಒಳಗೆ ಸೆರೆಹಿಡಿದು ತಗಡನ್ನು ಇನ್ನಷ್ಟು ಬೇಗ ತಿನ್ನುತ್ತದೆ, ಮೇಲ್ನೋಟಕ್ಕೆ ಚೆನ್ನಾಗಿ ಕಾಣುವುದರಿಂದ ರಂಧ್ರ ಬೀಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಈ ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣಹವೆ ಒಳ್ಳೆಯದು. ಏನೇ ಆದರೂ ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲು ಮುಗಿದಿರಬೇಕು. ಸೈಲೆನ್ಸರ್, ಬ್ರೇಕ್, ರಬ್ಬರ್ ಬುಷ್‌ಗಳ ಮೇಲೆ ಕೋಟಿಂಗ್ ಬೀಳದಂತೆ, ನೀರು ಹೋಗುವ ರಂಧ್ರಗಳು ಮುಚ್ಚದಂತೆ ನೋಡಿಕೊಳ್ಳಿ.

ಈಗ ಪ್ರಾಣಕ್ಕೆ ಸಂಬಂಧಿಸಿದ ಮಾತು. ಜ್ಯಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಅಡಿಗೆ ಕೈಯನ್ನೂ ತೂರಬೇಡಿ. ನಿಮ್ಮ ಕಾರಿನ ತೂಕ ಸುಮಾರು 900 ಕಿಲೋ. ಎತ್ತಿದ ಕಾರನ್ನು ಹೊತ್ತು ನಿಲ್ಲುವ, ಎರಡು ಟನ್ ತಾಳುವ ಸ್ಟ್ಯಾಂಡ್‌ಗಳ ಜೋಡಿಯನ್ನು ಸ್ಪ್ಯಾನರ್ ಸೆಟ್ಟಿಗಿಂತ ಮೊದಲು ಕೊಳ್ಳಿ. ನಮ್ಮಲ್ಲಿ ಮನೆಮನೆಯಲ್ಲೂ ಕೆಂಪುಕಲ್ಲು, ಅಂದರೆ ಮುರಕಲ್ಲು, ಬಿದ್ದಿರುವುದರಿಂದ ಅದನ್ನೇ ಕಾರಿಗೆ ಆನಿಸುವ ಅಭ್ಯಾಸವಿದೆ. ಮುರಕಲ್ಲು ಸರಂಧ್ರವಾದದ್ದು, ಒಳಗಿನ ಬಿರುಕು ಹೊರಗೆ ಕಾಣದು, ಭಾರ ಒಂದೇ ಮೂಲೆಗೆ ಬಿದ್ದರೆ ಸದ್ದಿಲ್ಲದೆ ಪುಡಿಯಾಗುತ್ತದೆ. ಹಾಗೆಯೇ ಸಿಮೆಂಟಿನ ಹಾಲೋ ಬ್ಲಾಕ್ ಕೂಡ ಬೇಡ. ನಿಮ್ಮ ಮಣ್ಣಿನ ನೆಲದಲ್ಲಿ ಜ್ಯಾಕ್ ಮತ್ತು ಸ್ಟ್ಯಾಂಡ್ ಹೂತುಹೋಗದಂತೆ ಅಡಿಗೆ ದಪ್ಪ ಹಲಗೆಯನ್ನಿಟ್ಟು, ಎದುರು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಕೆಳಗೆ ಹೋಗುವ ಮೊದಲು ಕಾರನ್ನು ಕೈಯಿಂದ ಅಲುಗಿಸಿ ನೋಡಬೇಕು. ಸಾಧ್ಯವಾದರೆ ಶೆಡ್ಡಿನ ನೆಲಕ್ಕೆ ಕಾಂಕ್ರೀಟ್ ಹಾಕಿಸಿ. ನೀವು ಮಾಡಬಹುದಾದ ಅತ್ಯುತ್ತಮ ಖರ್ಚು ಅದೇ.

ಉಪಕರಣಗಳ ವಿಷಯ ಹೆಚ್ಚಿಲ್ಲ. 8, 10, 12, 14, 17, 19 ಮಿಲಿಮೀಟರಿನ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್‌ಗಳಿದ್ದರೆ ನಿಮ್ಮ ಕಾರಿನ ಮುಕ್ಕಾಲು ಪಾಲು ಬೋಲ್ಟುಗಳು ಬಿಚ್ಚುತ್ತವೆ. ಅದರ ಜೊತೆಗೆ ಬೋಲ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯಲು ನೆರವಾಗುವ ಒಂದು ಟಾರ್ಕ್ ರೆಂಚ್ ಇರಲಿ, ಏಕೆಂದರೆ ಹೊಸಬರು ಹಾಳುಮಾಡುವುದು ಬಿಚ್ಚುವಾಗಲ್ಲ, ಬಿಗಿಯುವಾಗ. ಆರಂಭಕ್ಕೆ ಏರ್ ಫಿಲ್ಟರ್, ವೈಪರ್, ಬ್ಯಾಟರಿ ಟರ್ಮಿನಲ್ ಶುಚಿ, ಚಕ್ರ ಬಿಚ್ಚಿ ಹಾಕುವುದು, ಆಮೇಲೆ ಎಂಜಿನ್ ಆಯಿಲ್ ಬದಲಾವಣೆ. ಇಷ್ಟನ್ನು ಮಾಡುವಷ್ಟರಲ್ಲಿ ಕೈಗೆ ಅಂದಾಜು ಸಿಗುತ್ತದೆ.

ಮಣಿಪಾಲ_ವೈರಿಂಗ್

ಮೇಲಿನವರು ನೀರಿನ ಬಗ್ಗೆ ಬರೆದುದನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ನಾನು ವಾಹನಗಳ ವಿದ್ಯುತ್ ವ್ಯವಸ್ಥೆಯ ಕೆಲಸ ಮಾಡುವುದರಿಂದ ಹೆಡ್‌ಲೈಟಿನ ಪ್ರಶ್ನೆಗೆ ಉತ್ತರಿಸುತ್ತೇನೆ.

ಎಲ್‌ಇಡಿ ಬಲ್ಬನ್ನು ಕೊಳ್ಳುವ ಮೊದಲು ಈಗಿರುವ ದೀಪ ತನ್ನ ಪೂರ್ತಿ ಬೆಳಕನ್ನು ಕೊಡುತ್ತಿದೆಯೇ ಎಂಬುದನ್ನು ಪರೀಕ್ಷಿಸಿ. ನಿಮ್ಮ ಕಾರಿನಲ್ಲಿರುವುದು 60/55 ವ್ಯಾಟಿನ ಎಚ್4 ಹ್ಯಾಲೊಜೆನ್ ಬಲ್ಬು. ಇಂಥ ಬಲ್ಬಿಗೆ ತಲುಪುವ ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯುತ್ತದೆ. ಹತ್ತು ವರ್ಷ ಕರಾವಳಿಯ ತೇವದಲ್ಲಿದ್ದ ಕಾರಿನಲ್ಲಿ ಕನೆಕ್ಟರುಗಳು ಹಸಿರುಗಟ್ಟಿ, ಬಾಡಿಗೆ ಬಿಗಿದ ಅರ್ಥ್ ಬೋಲ್ಟಿನ ಸುತ್ತ ತುಕ್ಕು ಹಿಡಿದು, ಅಲ್ಲಲ್ಲಿ ವೋಲ್ಟೇಜು ಸೋರಿಹೋಗುವುದು ಸಾಮಾನ್ಯ ಸಂಗತಿ. ಒಂದು ಸಾಧಾರಣ ಮಲ್ಟಿಮೀಟರ್ ಕೊಂಡು, ಎಂಜಿನ್ ಓಡುತ್ತಿರುವಾಗ ದೀಪ ಹಚ್ಚಿ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ, 13.8ರಿಂದ 14.4 ವೋಲ್ಟಿನ ಆಸುಪಾಸಿನಲ್ಲಿರಬೇಕು. ಅನಂತರ ಬಲ್ಬಿನ ಹಿಂದಿನ ಕನೆಕ್ಟರಿನಲ್ಲಿ, ಬಲ್ಬು ಉರಿಯುತ್ತಿರುವಾಗಲೇ ಅಳೆಯಿರಿ. ಎರಡರ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಿಮ್ಮ ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿದೆ ಎಂದರ್ಥ. ಅರ್ಥ್ ಬೋಲ್ಟನ್ನು ಬಿಚ್ಚಿ, ತಳವನ್ನು ಹೊಳಪು ಬರುವಂತೆ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸ್ ಹಚ್ಚಿದರೆ ಎಷ್ಟೋ ಕಾರುಗಳಲ್ಲಿ ಅರ್ಧ ಸಮಸ್ಯೆ ತೀರುತ್ತದೆ.

ಅದಕ್ಕೂ ಮಿಕ್ಕಿ ಬೇಕೆಂದರೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ಸ್ವಿಚ್ಚು, ಹಾಕಿಕೊಳ್ಳಬಹುದು. ಸ್ವಿಚ್ಚಿನ ಮೂಲಕ ಸುತ್ತಿ ಬರುವ ತೆಳುವಾದ ವೈರಿನ ಬದಲು ಬ್ಯಾಟರಿಯಿಂದ ನೇರವಾಗಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಿಸಿ, 2.5 ಚದರ ಮಿಲಿಮೀಟರಿನ ವೈರಿನಲ್ಲಿ ರಿಲೇಯ 30ನೇ ತುದಿಗೆ ಕರೆಂಟು ತಂದು, 87ನೇ ತುದಿಯಿಂದ ದೀಪಕ್ಕೆ ಕೊಡುವುದು. ಮೂಲದ ವೈರು 85 ಮತ್ತು 86ರ ಮೂಲಕ ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಹೈ ಮತ್ತು ಲೋ ಎರಡಕ್ಕೂ ಬೇರೆ ಬೇರೆ ರಿಲೇ ಬೇಕು. ಜಪಾನೀ ವಿನ್ಯಾಸದ ಕೆಲವು ಕಾರುಗಳಲ್ಲಿ ಸ್ವಿಚ್ಚು ಪ್ಲಸ್ ಬದಿಯನ್ನಲ್ಲ, ಅರ್ಥ್ ಬದಿಯನ್ನು ಜೋಡಿಸಿ ಬಿಡಿಸುತ್ತದೆ. ಆದ್ದರಿಂದ ಯಾವುದೇ ವೈರು ಕತ್ತರಿಸುವ ಮೊದಲು ನಿಮ್ಮದರಲ್ಲಿ ಹೇಗಿದೆ ಎಂದು ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಕತ್ತರಿಸುವ ಅಗತ್ಯವಿಲ್ಲದ, ಮೂಲದ ಕನೆಕ್ಟರಿಗೇ ಸಿಕ್ಕಿಸುವ ಸಿದ್ಧ ವೈರಿನ ಕಟ್ಟುಗಳು (ಹಾರ್ನೆಸ್) ಅಂಗಡಿಗಳಲ್ಲಿ ಸಿಗುತ್ತವೆ. ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ತುದಿಯನ್ನು ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನು ಕೊನೆಗೆ ಹಾಕಬೇಕು.

100/90 ವ್ಯಾಟಿನ ಬಲ್ಬನ್ನು ಯಾರೇ ಶಿಫಾರಸು ಮಾಡಿದರೂ ಬೇಡವೆನ್ನಿ. ಎರಡು 60 ವ್ಯಾಟಿನ ಬಲ್ಬುಗಳು ಸೇರಿ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ, ಎರಡು 100 ವ್ಯಾಟಿನವು ಸುಮಾರು 17 ಆಂಪಿಯರ್ ಎಳೆಯುತ್ತವೆ. ಹಳೆಯ ವೈರು, ಸ್ವಿಚ್ಚು, ಪ್ಲಾಸ್ಟಿಕ್ ಹೋಲ್ಡರುಗಳು ಆ ಶಾಖಕ್ಕೆ ಕರಗುತ್ತವೆ. ಎಲ್‌ಇಡಿಯ ತೊಂದರೆ ಬೇರೆ ಬಗೆಯದು: ನಿಮ್ಮ ದೀಪದ ಪ್ರತಿಫಲಕವನ್ನು ಹ್ಯಾಲೊಜೆನ್ ತಂತಿ ಇರುವ ನಿಖರ ಜಾಗಕ್ಕೆ ಹೊಂದಿಸಿ ರೂಪಿಸಿರುತ್ತಾರೆ. ಎಲ್‌ಇಡಿಯ ಬೆಳಕಿನ ಮೂಲ ಆಕಾರದಲ್ಲೂ ಸ್ಥಾನದಲ್ಲೂ ಅದಕ್ಕೆ ಸರಿಹೊಂದದಿದ್ದಾಗ ಬೆಳಕು ರಸ್ತೆಯ ಮೇಲೆ ಬೀಳುವುದಕ್ಕಿಂತ ಎದುರಿನವರ ಕಣ್ಣಿಗೆ ಹೆಚ್ಚು ಬೀಳುತ್ತದೆ. ಒದ್ದೆ ಡಾಂಬರಿನ ಮೇಲೆ ಅದು ಇನ್ನೂ ಕೆಟ್ಟದು, ಆಗುಂಬೆಯ ಮಂಜಿನಲ್ಲಂತೂ ಬಿಳಿ ಗೋಡೆಯೊಂದು ಎದುರಿಗೆ ನಿಲ್ಲುತ್ತದೆ. ಮಳೆಯ ರಾತ್ರಿ ದ್ವಿಚಕ್ರದಲ್ಲಿ ಬರುವವರಿಗೆ ನಮ್ಮ ದೀಪ ಏನು ಮಾಡುತ್ತದೆ ಎಂಬುದನ್ನು ನಾವು ಯೋಚಿಸಲೇಬೇಕು.

ಹಳದಿಯಾದ ದೀಪದ ಹೊರಕವಚವನ್ನು 1000 ಮತ್ತು 2000ನೇ ನಂಬರಿನ, ನೀರು ಹಾಕಿ ಉಜ್ಜುವ ಮರಳುಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ, ಬಿಸಿಲಿನಿಂದ ಕಾಯುವ ಲೇಪ ಹಚ್ಚಿ. ಕೊನೆಯಲ್ಲಿ ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ, ಲೋ ಬೀಮಿನ ಮೇಲಂಚು ದೀಪದ ಮಧ್ಯಬಿಂದುವಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸಿ.

ಇನ್ನೊಂದು ಸಲಕರಣೆಯನ್ನು ನೀವು, ವಿಜ್ಞಾನದ ಮೇಷ್ಟರಾಗಿ, ಖಂಡಿತ ಮೆಚ್ಚುತ್ತೀರಿ. ಸ್ಟಿಯರಿಂಗಿನ ಕೆಳಗೆ ಕಾರಿನ ಕಂಪ್ಯೂಟರಿನ ಮಾಹಿತಿ ಓದಲೆಂದು ಕೊಟ್ಟ 16 ಪಿನ್ನುಗಳ ಓಬಿಡಿ ಸಾಕೆಟ್ ಇರುತ್ತದೆ. ಅಗ್ಗದ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಎಂಜಿನ್ನಿನ ಉಷ್ಣತೆ, ಆಮ್ಲಜನಕ ಸೆನ್ಸರಿನ ಓದು, ದೋಷದ ಸಂಕೇತಗಳು ಮೊಬೈಲಿನಲ್ಲಿ ಕಾಣುತ್ತವೆ. ಆದರೆ ಸಂಕೇತ ಲಕ್ಷಣವನ್ನು ಹೇಳುತ್ತದೆಯೇ ಹೊರತು ಹಾಳಾದ ಭಾಗವನ್ನಲ್ಲ. ಪಿ0171 ಎಂದು ಬಂದರೆ ಗಾಳಿಗೆ ಹೋಲಿಸಿದಾಗ ಪೆಟ್ರೋಲ್ ಕಡಿಮೆಯಾಗಿದೆ ಎಂದಷ್ಟೇ ಅರ್ಥ; ಬಿರುಕುಬಿಟ್ಟ ರಬ್ಬರ್ ಕೊಳವೆಯೊಂದು ಕಾರಣವಾಗಿರುವಾಗ ದುಬಾರಿ ಸೆನ್ಸರ್ ಬದಲಾಯಿಸಿದವರಿದ್ದಾರೆ.

ಕೈಹಾಕಲೇಬಾರದ ಕೆಲಸಗಳೆಂದರೆ, ಕಾರಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಹಳದಿ ವೈರುಗಳು, ಎ.ಸಿ.ಯ ಅನಿಲ, ಇಂಧನದ ಒತ್ತಡದ ಕೊಳವೆ. ನನ್ನ ಅಭಿಪ್ರಾಯದಲ್ಲಿ ಬ್ರೇಕನ್ನೂ ಇದೇ ಸಾಲಿಗೆ ಸೇರಿಸಬೇಕು.

ಬಿಜೈ_ವಕೀಲ

ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ಮಾಲೀಕರು ಮಾಡುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ನಾಲ್ಕನೇ ಉಪಕಲಮು, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ದುರಸ್ತಿಗೆ, ಸವೆದ ಭಾಗದ ಜಾಗದಲ್ಲಿ ಅದೇ ಬಗೆಯ ಭಾಗ ಹಾಕುವುದಕ್ಕೆ ಇದು ಅಡ್ಡಬರುವುದಿಲ್ಲ. ಎಂಜಿನ್, ಬಣ್ಣ, ಇಂಧನ ಇವುಗಳನ್ನು ಬದಲಿಸುವುದಾದರೆ ಉಡುಪಿಯ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಪ್ರಮಾಣಪತ್ರದಲ್ಲಿ ನಮೂದು ಮಾಡಿಸಿಕೊಳ್ಳಬೇಕು. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು, ಏಕೆಂದರೆ ಅಪಘಾತದ ನಂತರ ಪರಿಶೀಲಕರು ಕಾರನ್ನು ನೋಡುವಾಗ ತಿಳಿಸದ ಬದಲಾವಣೆಯೇ ಪರಿಹಾರಕ್ಕೆ ತಕರಾರಾಗುತ್ತದೆ.

ಟೈರಿನ ವಿಷಯದಲ್ಲಿ ಕಾನೂನಿಗಿಂತ ಮೊದಲು ಲೆಕ್ಕವನ್ನು ನೋಡಿ. 155/65 ಆರ್14 ಟೈರಿನ ವ್ಯಾಸ ಸುಮಾರು 557 ಮಿಲಿಮೀಟರ್. ಅಂಗಡಿಯಲ್ಲಿ ಅನೇಕರು ಸೂಚಿಸುವ 165/70 ಆರ್14ರದ್ದು ಸುಮಾರು 587. ವ್ಯತ್ಯಾಸ ನೂರಕ್ಕೆ ಐದಕ್ಕೂ ಸ್ವಲ್ಪ ಮೇಲು. ಮೀಟರ್ ಮೊದಲು ತೋರಿಸುತ್ತಿದ್ದ 80ಕ್ಕೆ ಈಗ ನಾಲ್ಕು ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತೀರಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಮಡ್‌ಗಾರ್ಡಿಗೆ ತಾಗುವ ಸಾಧ್ಯತೆಯೂ ಇದೆ. ಒದ್ದೆ ರಸ್ತೆಯ ಹಿಡಿತವೇ ನಿಮ್ಮ ಉದ್ದೇಶವಾದರೆ ಅದೇ ಅಳತೆಯ ಒಳ್ಳೆಯ ಟೈರನ್ನು ಹಾಕಿಸಿ, ಗೆರೆಗಳ ಆಳ ಕಾನೂನಿನ ಮಿತಿಯಾದ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾಯದೆ ಮಳೆಗಾಲಕ್ಕೆ ಮೊದಲೇ ಬದಲಿಸಿ.

ನಿಮ್ಮ ಕಾರಿನ ನೋಂದಣಿಗೆ 2029ರಲ್ಲಿ 15 ವರ್ಷ ತುಂಬುತ್ತದೆ. ಆಗ ಐದು ವರ್ಷಕ್ಕೆ ನವೀಕರಿಸಬೇಕಾದರೆ ವಾಹನವನ್ನು ತಪಾಸಣೆಗೆ ಒಡ್ಡಬೇಕು. ಕುಲಶೇಖರದವರು ಹೇಳಿದ ತುಕ್ಕಿನ ಕೆಲಸದ ಬೆಲೆ ಅಂದು ತಿಳಿಯುತ್ತದೆ.

ಕಟಪಾಡಿ_ಮಾಸ್ಟ್ರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕುಲಶೇಖರದ ಅಣ್ಣ ಹೇಳಿದಂತೆ ವೈಪರಿನ ಬುಡದ ಜಾಲರಿಯನ್ನು ಬಿಚ್ಚಿ ನೋಡಿದೆ. ಎಡಬದಿಯ ರಂಧ್ರದಲ್ಲಿ ಕೊಳೆತ ಮಾವಿನೆಲೆಗಳು ಗಟ್ಟಿಯಾಗಿ ಕುಳಿತಿದ್ದವು. ತೆಗೆದ ಮೇಲೆ ಹೊಯ್ದ ನೀರು ಚಕ್ರದ ಪಕ್ಕದಿಂದ ಸರಾಗವಾಗಿ ಇಳಿಯಿತು. ಎಲ್‌ಇಡಿ ಮತ್ತು ದೊಡ್ಡ ಟೈರಿನ ಯೋಚನೆಯನ್ನು ಸದ್ಯ ಬಿಟ್ಟಿದ್ದೇನೆ, ಮಲ್ಟಿಮೀಟರಿನಿಂದ ಅಳೆಯುವ ಕೆಲಸವನ್ನು ಮಕ್ಕಳನ್ನೂ ಕೂರಿಸಿಕೊಂಡು ಮಾಡಬೇಕೆಂದಿದ್ದೇನೆ.

ಎರಡು ಪ್ರಶ್ನೆಗಳು ಉಳಿದಿವೆ. ಬ್ರೇಕಿನ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದೇ? ಮಳೆಗಾಲದಲ್ಲಿ ರಜೆಯ ನಂತರ ಕಾರು ತೆಗೆದರೆ ಹಿಂದಿನ ಚಕ್ರ ಹಿಡಿದುಕೊಂಡಿರುತ್ತದೆ. ಇನ್ನೊಂದು, ಬದಲಾಯಿಸಿದ ಹಳೆಯ ಎಂಜಿನ್ ಆಯಿಲನ್ನು ಏನು ಮಾಡಬೇಕು?

ಕುಲಶೇಖರ_ಗ್ಯಾರೇಜು

ಬ್ರೇಕಿನ ಬಗ್ಗೆ ಮಣಿಪಾಲದವರ ಎಚ್ಚರಿಕೆಯನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ಬ್ರೇಕಿನಲ್ಲಿ ನೋಡುವ ಕೆಲಸ ಒಂದು, ಬಿಚ್ಚುವ ಕೆಲಸ ಇನ್ನೊಂದು. ನೋಡುವುದನ್ನು ಪ್ರತಿಯೊಬ್ಬ ಮಾಲೀಕನೂ ಕಲಿಯಬೇಕು: ಮುಂದಿನ ಚಕ್ರ ಬಿಚ್ಚಿ ಪ್ಯಾಡಿನ ದಪ್ಪ ಎಷ್ಟು ಉಳಿದಿದೆ, ಎರಡೂ ಬದಿ ಸಮನಾಗಿ ಸವೆದಿದೆಯೇ, ರಬ್ಬರ್ ಹೋಸ್‌ನಲ್ಲಿ ಬಿರುಕಿದೆಯೇ, ಚಕ್ರದ ಒಳಬದಿಯಲ್ಲಿ ಎಣ್ಣೆಯಂಥ ಒದ್ದೆಯಿದೆಯೇ, ಡಬ್ಬಿಯಲ್ಲಿ ಬ್ರೇಕ್ ಆಯಿಲಿನ ಮಟ್ಟ ಇಳಿದಿದೆಯೇ. ಇಷ್ಟನ್ನು ತಿಂಗಳಿಗೊಮ್ಮೆ ನೋಡುವವರ ಬ್ರೇಕು ದಾರಿಯಲ್ಲಿ ಕೈಕೊಡುವುದು ಅಪರೂಪ. ಪ್ಯಾಡು, ಶೂ, ಆಯಿಲ್ ಬದಲಿಸುವುದನ್ನು ಮಾತ್ರ ಬಲ್ಲವರು ಪಕ್ಕದಲ್ಲಿ ನಿಂತು ಕಲಿಸುವಾಗ ಮಾಡಬೇಕು, ಮಾಡಿದ ಮೇಲೆ ಅವರೇ ಪರೀಕ್ಷಿಸಬೇಕು. ವಿಡಿಯೊ ನೋಡಿ ಮಾಡುವ ಕೆಲಸ ಅದಲ್ಲ.

ಬ್ರೇಕ್ ಆಯಿಲ್ ಯಾಕೆ ಬದಲಿಸಬೇಕೆಂಬುದು ನಮ್ಮ ಹವೆಗೆ ನೇರವಾಗಿ ಸಂಬಂಧಿಸಿದೆ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಅದರ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಆಗುಂಬೆ ಅಥವಾ ಚಾರ್ಮಾಡಿ ಇಳಿಯುವಾಗ ಬ್ರೇಕನ್ನು ಒತ್ತುತ್ತಲೇ ಬಂದರೆ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಇಳಿಯುತ್ತದೆ, ಚಕ್ರಕ್ಕೆ ಬಲ ತಲುಪುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಘಟ್ಟದಲ್ಲಿ ಕಡಿಮೆ ಗೇರಿನಲ್ಲಿ ಇಳಿಯಿರಿ.

ಹಿಂದಿನ ಚಕ್ರ ಹಿಡಿದುಕೊಳ್ಳುವುದು ಚಕ್ರದ ಬ್ರೇಕ್ ಡ್ರಮ್ಮಿಗೆ ತುಕ್ಕು ಬಂದು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಅಂಟುವುದರಿಂದ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಾಲ್ಕೈದು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಸಮತಟ್ಟಿನಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಿ. ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಬಾಯಿಂದ ಊದಬಾರದು, ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕಲಿಯುವ ದಾರಿಯ ಬಗ್ಗೆಯೂ ಒಂದು ಮಾತು. ಐಟಿಐಗಳ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಕೋರ್ಸಿಗೆಂದು ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಹೊರತರುವ ಪಠ್ಯಪುಸ್ತಕಗಳು ಹಂತಹಂತವಾಗಿ, ಚಿತ್ರಸಹಿತವಾಗಿ ಇರುತ್ತವೆ. ಅವನ್ನು ಓದಿಕೊಂಡು, ಭಾನುವಾರಗಳಲ್ಲಿ ನಿಮ್ಮ ಕಡೆಯ ಯಾವುದಾದರೂ ಗ್ಯಾರೇಜಿನಲ್ಲಿ ಕೈಕೆಲಸಕ್ಕೆ ನಿಲ್ಲಿ. ಕೇಳಿದರೆ ಬೇಡವೆನ್ನುವವರು ಕಡಿಮೆ.

ಬ್ರಹ್ಮಾವರ_ಬಾವಿಮನೆ

ಹಳೆಯ ಆಯಿಲಿನ ಪ್ರಶ್ನೆಗೆ ಉತ್ತರಿಸದೆ ಇರಲಾಗಲಿಲ್ಲ. ನಮ್ಮ ಕಡೆ ಅದನ್ನು ಬೇಲಿಯ ಕಂಬಕ್ಕೆ, ಮಾಡು ಹೊರುವ ಮರದ ಪಕಾಸಿಗೆ ಗೆದ್ದಲು ಬಾರದಂತೆ ಬಳಿಯುವುದು, ಉಳಿದುದನ್ನು ತೆಂಗಿನ ಬುಡದ ಆಚೆ ಚೆಲ್ಲುವುದು ಹಿಂದಿನಿಂದ ಬಂದ ರೂಢಿ. ಎರಡನ್ನೂ ನಿಲ್ಲಿಸಬೇಕು. ಮುರಕಲ್ಲಿನ ನೆಲ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ. ಅದರಿಂದಲೇ ನಮ್ಮ ಬಾವಿಗಳು ತುಂಬುತ್ತವೆ, ಅದರಿಂದಲೇ ಅಂಗಳದಲ್ಲಿ ಚೆಲ್ಲಿದ್ದು ಬಾವಿಯನ್ನೂ ಸೇರುತ್ತದೆ. ಓಡಿದ ಎಂಜಿನ್ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ ಆರೋಗ್ಯಕ್ಕೆ ಹಾನಿಕರವಾದ ಸುಟ್ಟ ರಾಸಾಯನಿಕಗಳೂ ಇರುತ್ತವೆ. ಕಂಬಕ್ಕೆ ಬಳಿದದ್ದೂ ಜೂನ್ ತಿಂಗಳ ಮೊದಲ ಮಳೆಗೆ ತೊಳೆದು ನೆಲಕ್ಕಿಳಿಯುತ್ತದೆ.

ನಿಮ್ಮ ಕಾರಿನಿಂದ ಒಂದು ಸಲಕ್ಕೆ ಸುಮಾರು ಮೂರು ಲೀಟರ್ ಬರುತ್ತದೆ. ಅಗಲವಾದ ಬೇಸಿನ್ನಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಇಳಿಸಿಕೊಳ್ಳಿ, ಹಳೆಯ ಫಿಲ್ಟರನ್ನು ಅದರಲ್ಲೇ ರಾತ್ರಿಯಿಡೀ ಮಗುಚಿ ಬಸಿಯಲು ಬಿಡಿ, ಹೊಸ ಆಯಿಲ್ ಬಂದ ಕ್ಯಾನಿಗೇ ಲಾಳಿಕೆಯಿಂದ ತುಂಬಿ ಮುಚ್ಚಳ ಬಿಗಿಯಿರಿ. ಬ್ರೇಕ್ ಆಯಿಲನ್ನೂ ಎಂಜಿನ್ ತಂಪಿಡುವ ಕೂಲೆಂಟನ್ನೂ ಅದಕ್ಕೆ ಬೆರೆಸಬೇಡಿ, ಬೆರೆಸಿದರೆ ಮರುಸಂಸ್ಕರಣೆಗೆ ತೊಡಕಾಗುತ್ತದೆ. ದೊಡ್ಡ ಸರ್ವಿಸ್ ಕೇಂದ್ರಗಳು ಹಳೆಯ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಗಿಯಿರುವ ಮರುಸಂಸ್ಕರಣೆದಾರರಿಗೆ ಕೊಡುತ್ತವೆ. ನೀವು ಫಿಲ್ಟರ್ ಕೊಳ್ಳುವ ಅಂಗಡಿಯಲ್ಲಿ ಅಥವಾ ಪರಿಚಯದ ಗ್ಯಾರೇಜಿನಲ್ಲಿ ಮೊದಲೇ ಮಾತಾಡಿಕೊಂಡು, ಕ್ಯಾನನ್ನು ಅವರ ಡ್ರಮ್ಮಿಗೆ ಸೇರಿಸಿ ಬನ್ನಿ. ಬಸಿದ ಫಿಲ್ಟರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದರ ಜೊತೆಗೇ ಕೊಡಿ. ನೆಲಕ್ಕೆ ಬಿದ್ದ ಹನಿಗಳ ಮೇಲೆ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಗುಡಿಸಿ ತೆಗೆಯಿರಿ. ನೀರು ಹೊಯ್ದು ತೊಳೆಯಬೇಡಿ.